ಕಾಸರಗೋಡಿನ ಪೇಟೆಯಲ್ಲಿ ತಲೆಯೆತ್ತಿ ನಡೆಯಿರಿ: ಹಳೆಯ ಕಟ್ಟಡಗಳಲ್ಲಿ ನಾವು ಗಮನಿಸದ ಸಂಗತಿಗಳು

ತಲಪಾಡಿಯಿಂದ ಚೆಂಗಳದವರೆಗೆ ರಾಷ್ಟ್ರೀಯ ಹೆದ್ದಾರಿ 66 ಆರು ಪಥಗಳಿಗೆ ಅಗಲವಾದಾಗ ರಸ್ತೆಯಂಚಿನ ಮೊದಲ ಸಾಲಿನ ಕಟ್ಟಡಗಳು ಹೋದವು. ಬೇಕಾಗಿದ್ದದ್ದು 45 ಮೀಟರ್ ಅಗಲದ ಜಾಗ. ಅದರೊಳಗೆ ಸಿಕ್ಕಿದ ಅಂಗಡಿ, ಜಗಲಿ, ಪಾಗಾರಗಳು ನೆಲಸಮವಾದವು. ಅದುವರೆಗೆ ಅವುಗಳ ಬೆನ್ನಿಗೆ ಮರೆಯಾಗಿದ್ದ ಎರಡನೆಯ ಸಾಲು ಈಗ ಬಸ್ಸಿನ ಕಿಟಕಿಗೆ ನೇರವಾಗಿ ಕಾಣುತ್ತದೆ. ಕೆಲವೆಡೆ ಕಟ್ಟಡದ ಮುಂಭಾಗವನ್ನಷ್ಟೇ ಕತ್ತರಿಸಿದ್ದರಿಂದ ಗಾರೆಯ ಪದರ, ಅದರ ಹಿಂದಿನ ಕೆಂಪು ಕಲ್ಲು, ತೊಲೆಯ ತುದಿ ಕುಳಿತಿದ್ದ ಚೌಕ ಗೂಡು ಎಲ್ಲವೂ ಬಯಲಾದವು. ಮನೆ ಕಟ್ಟುವ ವಿದ್ಯೆಯನ್ನು ಇಷ್ಟು ಬಿಚ್ಚಿ ತೋರಿಸುವ ಅವಕಾಶ ಊರಿಗೆ ಮತ್ತೆ ಸಿಗಲಾರದು.

ಈ ಹಳೆಯ ಕಟ್ಟಡಗಳಲ್ಲಿ ನೋಡುವಂಥದ್ದು ಏನಿದೆ ಎಂದು ಕೇಳುವವರು ಎರಡು ಸಂಗತಿಗಳನ್ನು ಮೊದಲು ಮನಸ್ಸಿನಲ್ಲಿಟ್ಟುಕೊಂಡರೆ ಸಾಕು. ಈ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆಯಾಗುತ್ತದೆ, ಅದರ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ನಡುವೆ ಸುರಿಯುತ್ತದೆ. ಇಲ್ಲಿ ಕಾಲಡಿಯಲ್ಲೇ ಸಿಗುವ ಕಲ್ಲು ನೀರನ್ನು ಹೀರುತ್ತದೆ. ನೀರು ಹೀರುವ ಕಲ್ಲಿನಲ್ಲಿ, ಇಷ್ಟು ಮಳೆಯ ನಡುವೆ, ಒಣಗಿದ ಮನೆಯನ್ನು ಕಟ್ಟುವುದು ಹೇಗೆ? ತಳಂಗರೆಯ ಓಣಿಗಳಲ್ಲಾಗಲಿ ನೆಲ್ಲಿಕುಂಜೆಯ ತೆಂಗಿನ ತೋಟಗಳ ನಡುವೆಯಾಗಲಿ ಕಾಣುವ ಹೆಚ್ಚಿನ ಸಣ್ಣ ವಿವರಗಳು ಈ ಒಂದು ಪ್ರಶ್ನೆಗೆ ಕೊಟ್ಟ ಉತ್ತರಗಳು.

ಮೊದಲು ಮಾಡಿನ ಕಡೆಗೆ

ಹಳೆಯ ಮನೆಯ ಮಾಡು, ಎಂದರೆ ಚಾವಣಿ, ಗೋಡೆಗಿಂತ ಬಹಳ ಹೊರಗೆ ಚಾಚಿಕೊಂಡಿರುತ್ತದೆ. ಅಂಗಳದಲ್ಲಿ ನಿಂತವರ ತಲೆಗೆ ತಾಗುವಷ್ಟು ಕೆಳಕ್ಕೆ ಇಳಿದ ಸೂರುಗಳೂ ಇವೆ. ಮಳೆ ನೇರವಾಗಿ ಬೀಳುವುದಿಲ್ಲ, ಗಾಳಿಯ ಜೊತೆ ಓರೆಯಾಗಿ ಬೀಸಿ ಬರುತ್ತದೆ. ಸೂರು ಎಷ್ಟು ಕೆಳಗಿಳಿದರೆ ಅಷ್ಟು ಗೋಡೆ ಒಣಗಿರುತ್ತದೆ. ಇಂದಿನ ಕಣ್ಣಿಗೆ ಕತ್ತಲೆಯ ಜಗಲಿಯೆಂದು ತೋರುವುದು ವಾಸ್ತವದಲ್ಲಿ ಗೋಡೆಗೆ ಹಿಡಿದ ಕೊಡೆ.

ಸೂರಿನ ಅಂಚಿಗೆ ಉದ್ದಕ್ಕೂ ಹೊಡೆದ ಮರದ ಹಲಗೆಯನ್ನು ಗಮನಿಸಿ. ಪಕ್ಕಾಸುಗಳ, ಎಂದರೆ ಮಾಡಿನ ಇಳಿಜಾರಿನಲ್ಲಿ ಮೇಲಿನಿಂದ ಕೆಳಗೆ ಹಾಸಿದ ಮರಗಳ, ತುದಿಯನ್ನು ಅದು ಮುಚ್ಚುತ್ತದೆ. ಮರ ಹೆಚ್ಚು ನೀರು ಕುಡಿಯುವುದು ಕತ್ತರಿಸಿದ ತುದಿಯಲ್ಲಿ. ಹಾಗಾಗಿ ಕೊಳೆಯುವುದೂ ಅಲ್ಲಿಂದಲೇ ಶುರು. ಆ ಹಲಗೆಯ ಕೆಳ ಅಂಚನ್ನು ಅಲೆ ಅಲೆಯಾಗಿ ಕೊರೆದಿರುವುದು ಅಂದಕ್ಕೂ ಹೌದು, ಉಪಯೋಗಕ್ಕೂ ಹೌದು. ಅಂಚು ನೇರವಾಗಿದ್ದರೆ ನೀರು ಅದಕ್ಕೆ ಅಂಟಿಕೊಂಡು ಹಿಂದಕ್ಕೆ ಹರಿಯುತ್ತದೆ. ಅಲೆಯಾಕಾರವಿದ್ದರೆ ಪ್ರತಿ ಅಲೆಯ ತಗ್ಗಿನ ತುದಿಯಲ್ಲಿ ಹನಿ ಕೂಡಿಕೊಂಡು ಅಲ್ಲೇ ಕಳಚಿ ಬೀಳುತ್ತದೆ.

ಮಾಡಿನ ಎರಡೂ ಬದಿಯಲ್ಲಿ ತ್ರಿಕೋನದ ಜಾಗವೊಂದು ಉಳಿಯುತ್ತದೆ. ಅದನ್ನು ಗೋಡೆಯಿಂದ ಮುಚ್ಚದೆ ಮರದ ಪಟ್ಟಿಗಳ ಜಾಲರಿ ಇಟ್ಟಿರುತ್ತಾರೆ. ಬಿಸಿ ಗಾಳಿ ಮೇಲೇರಿ ಹೊರಹೋಗುವುದು ಇಲ್ಲಿಂದಲೇ, ಅಡುಗೆಮನೆಯ ಹೊಗೆಗೂ ಇದೇ ದಾರಿ. ಪಶ್ಚಿಮಕ್ಕೆ ಮುಖ ಮಾಡಿದ ತ್ರಿಕೋನಕ್ಕೆ ಎಷ್ಟೋ ಮನೆಗಳಲ್ಲಿ ಆಮೇಲೆ ತಗಡು ಹೊಡೆದಿದ್ದಾರೆ, ಪೂರ್ವದ್ದನ್ನು ಹಾಗೆಯೇ ಬಿಟ್ಟಿದ್ದಾರೆ. ಮಳೆ ಬರುವುದು ಕಡಲಿನ ಕಡೆಯಿಂದ ತಾನೇ? ಪಾಚಿ ಕಟ್ಟಿದ ಗೋಡೆ ಯಾವುದು, ಮಳೆಗಾಲದಲ್ಲಿ ತೆಂಗಿನ ಮಡಲಿನ ತಟ್ಟಿ ಕಟ್ಟುವ ಬದಿ ಯಾವುದು ಎಂದು ನೋಡಿದರೆ ಹೊಸ ಬೀದಿಯಲ್ಲೂ ದಿಕ್ಕು ತಿಳಿಯಬಹುದು.

ಹಂಚಿನ ಮೇಲಿನ ಇಸವಿ

ಹಂಚು ಬರುವ ಮುನ್ನ ಇಲ್ಲಿನ ಹೆಚ್ಚಿನ ಮನೆಗಳಿಗೆ ಮುಳಿಹುಲ್ಲಿನ ಅಥವಾ ಮಡಲಿನ ಮಾಡು. ಅದನ್ನು ಮತ್ತೆ ಮತ್ತೆ ಹೊದಿಸಬೇಕು, ಬೆಂಕಿಯ ಭಯ ಬೇರೆ. ನಮ್ಮ ಕಣ್ಣಿಗೆ ಪರಿಚಿತವಾದ ಮಂಗಳೂರು ಹಂಚಿನ ಕತೆ ಶುರುವಾಗುವುದು 1865ರಲ್ಲಿ. ಕ್ರೈಸ್ತ ಮಿಶನರಿ ಸಂಸ್ಥೆಯಾದ ಬಾಸೆಲ್ ಮಿಶನ್ನಿನ ಗಿಯೋರ್ಗ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದರು. ನೇತ್ರಾವತಿ, ಗುರುಪುರ ನದಿಗಳ ದಡದ ಜೇಡಿಮಣ್ಣು ಇದಕ್ಕೆ ಹೇಳಿ ಮಾಡಿಸಿದಂತಿತ್ತು. ಅಲ್ಬುಕರ್ಕ್ ಕಾರ್ಖಾನೆ 1868ರದ್ದು, ಅನಂತರ ಇನ್ನೂ ಹಲವು ಬಂದವು.

ಈ ಹಂಚಿನ ವಿನ್ಯಾಸ ಮೂಲತಃ ಇಲ್ಲಿನದಲ್ಲ. ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುವ ಹಂಚಿಗೆ ಫ್ರಾನ್ಸಿನ ಅಲ್ಸಾಸ್ ಪ್ರಾಂತದ ಗಿಲಾರ್ಡೋನಿ ಸಹೋದರರು 1841ರಲ್ಲಿ ಪೇಟೆಂಟ್ ಪಡೆದಿದ್ದರು. ಹಂಚಿನ ಒಂದು ಬದಿಯಲ್ಲಿ ಕಾಲುವೆ, ಇನ್ನೊಂದು ಬದಿಯಲ್ಲಿ ಆ ಕಾಲುವೆಯೊಳಗೆ ಕೂರುವ ಅಂಚು. ಮೇಲಿನ ಹಂಚು ಕೆಳಗಿನದರ ತಲೆಯನ್ನು ಮುಚ್ಚುತ್ತದೆ. ಬಂಗುಡೆಯ ಮೈಮೇಲಿನ ಹುರುಪೆಯನ್ನು ಬಾಲದಿಂದ ತಲೆಯ ಕಡೆಗೆ ಸವರಿದರೆ ಬೆರಳಿಗೆ ತಡೆಯುತ್ತದೆ, ತಲೆಯಿಂದ ಬಾಲಕ್ಕೆ ಸವರಿದರೆ ಜಾರುತ್ತದೆ. ಮಾಡಿನ ಮೇಲೆ ನೀರು ಹರಿಯುವುದೂ ಹಾಗೆಯೇ, ಕೆಳಗೆ ಹೋಗಲು ದಾರಿಯುಂಟು, ಸಂದಿನೊಳಗೆ ನುಗ್ಗಲು ಇಲ್ಲ. ಒಳಮೈಯಲ್ಲಿರುವ ಎರಡು ಗುಬುಟುಗಳು ರೀಪಿಗೆ, ಎಂದರೆ ಪಕ್ಕಾಸಿನ ಮೇಲೆ ಅಡ್ಡಕ್ಕೆ ಹೊಡೆದ ಪಟ್ಟಿಗೆ, ಸಿಕ್ಕಿಕೊಳ್ಳುತ್ತವೆ. ಮೊಳೆಯೂ ಬೇಡ, ಗಾರೆಯೂ ಬೇಡ. ಒಂದು ಒಡೆದರೆ ಅದನ್ನಷ್ಟೇ ಜಾರಿಸಿ ತೆಗೆದು ಬೇರೊಂದನ್ನು ಇಡಬಹುದು.

ಜಗಲಿಯಲ್ಲಿ ನಿಂತು ಮೇಲಕ್ಕೆ ನೋಡಿದರೆ ಹಂಚಿನ ಒಳಮೈಯಲ್ಲಿ ಉಬ್ಬಿದ ಅಕ್ಷರಗಳು ಕಾಣುತ್ತವೆ: ಕಾರ್ಖಾನೆಯ ಹೆಸರು, ಊರು, ಕೆಲವೊಮ್ಮೆ ಒಂದು ಗುರುತು. ಬಾಸೆಲ್ ಮಿಶನ್ನಿನ ಹಂಚಿನ ಮೇಲೆ 1865 ಎಂದಿರುತ್ತದೆ. ಅದನ್ನು ಓದಿ ತಮ್ಮ ಮನೆಗೆ ನೂರೈವತ್ತು ವರ್ಷ ದಾಟಿತೆಂದು ಹೇಳುವವರು ನಮ್ಮಲ್ಲಿ ಬಹಳ ಮಂದಿ. ಆದರೆ ಅದು ಕಾರ್ಖಾನೆ ಸ್ಥಾಪನೆಯಾದ ವರ್ಷ, ಹಂಚು ಸುಟ್ಟ ವರ್ಷವಲ್ಲ. ಹಂಚಿನ ಕಾಲ ಅಂದಾಜಿಸಲು ಹೆಸರೇ ಹೆಚ್ಚು ಉಪಯುಕ್ತ. ಮೊದಲ ಮಹಾಯುದ್ಧದ ಬಳಿಕ ಮಿಶನ್ನಿನ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್‌ನ ಕೈಗೆ ಹೋದವು. ಆ ಹೆಸರಿದ್ದರೆ ಹಂಚು ಯುದ್ಧದ ನಂತರದ್ದು ಎಂದು ಖಚಿತವಾಗಿ ಹೇಳಬಹುದು. ಫೆರೋಕ್ ಎಂದಿದ್ದರೆ ತೆಂಕಿನ ಕಲ್ಲಿಕೋಟೆ ಬಳಿಯಿಂದ ಬಂದದ್ದು, ಅಲ್ಲಿನ ಬಾಸೆಲ್ ಮಿಶನ್ ಕಾರ್ಖಾನೆ 1905ರದ್ದು. ಒಂದೇ ಮಾಡಿನಲ್ಲಿ ಮೂರು ನಾಲ್ಕು ಕಾರ್ಖಾನೆಗಳ ಹೆಸರು ಕಂಡರೆ ಮನೆ ಹಲವು ಬಾರಿ ದುರಸ್ತಿಯಾಗಿದೆ, ಇಲ್ಲವೇ ಕೆಡವಿದ ಮನೆಯ ಹಂಚು ಇಲ್ಲಿಗೆ ಬಂದಿದೆ.

ಒಂದು ಹಂಚಿನ ತೂಕ 2ರಿಂದ 3 ಕಿಲೊ. ಅವು ಕಡಲ ಹಾದಿಯಲ್ಲಿ ಮಂಜಿಗಳಲ್ಲಿ, ಎಂದರೆ ಸರಕು ಸಾಗಿಸುವ ಹಾಯಿದೋಣಿಗಳಲ್ಲಿ, ಸಾಗುತ್ತಿದ್ದವು. 1907ರಲ್ಲಿ ರೈಲುಹಾದಿ ಮಂಗಳೂರನ್ನು ಮುಟ್ಟಿದ ಮೇಲೆ ದಾರಿಯಲ್ಲಿದ್ದ ಕಾಸರಗೋಡಿಗೂ ಇಂಥ ಭಾರದ ಸರಕಿಗೆ ಇನ್ನೊಂದು ಬಾಗಿಲು ತೆರೆಯಿತು.

ಮಾಡಿನಲ್ಲಿ ಅಲ್ಲೊಂದು ಇಲ್ಲೊಂದು ಹೊಳೆಯುವುದು ಕನ್ನಡಿ ಹಂಚು, ಎಂದರೆ ಒಳಗೆ ಬೆಳಕು ಬಿಡುವ ಗಾಜಿನ ಹಂಚು. ಅದು ಎಲ್ಲಿದೆ ಎಂದು ನೋಡಿದರೆ ಅಡುಗೆಮನೆಯೋ ಕತ್ತಲೆಯ ಒಳಕೋಣೆಯೋ ಎಲ್ಲಿರಬಹುದೆಂದು ಬೀದಿಯಲ್ಲಿ ನಿಂತೇ ಊಹಿಸಬಹುದು.

ಕಲ್ಲಿನ ಮೇಲೆ ಕೈಯ ಗುರುತು

ಗೋಡೆಯ ಕಲ್ಲು ಮುರಕಲ್ಲು. ಲಕ್ಷಾಂತರ ವರ್ಷಗಳ ಮಳೆ ಮತ್ತು ಬಿಸಿಲು ನೆಲದ ಮೇಲ್ಪದರದಿಂದ ಕರಗುವ ಅಂಶಗಳನ್ನೆಲ್ಲ ತೊಳೆದು ಒಯ್ದು, ಕಬ್ಬಿಣ ಮತ್ತು ಅಲ್ಯೂಮಿನಿಯಂ ಹೆಚ್ಚಿರುವ ಭಾಗವನ್ನು ಉಳಿಸಿವೆ. ಕೆಂಪು ಬಣ್ಣ ಕಬ್ಬಿಣದ್ದು. ನಡುನಡುವಿನ ಹಳದಿ, ಬಿಳಿ ಮಚ್ಚೆಗಳು ಜೇಡಿಯದ್ದು, ಆ ಜೇಡಿ ಉದುರಿದಲ್ಲಿ ತೂತುಗಳು. ಈ ಕಲ್ಲನ್ನು ಮೊದಲು ವಿಜ್ಞಾನದ ಬರಹದಲ್ಲಿ ವಿವರಿಸಿದವರು ಫ್ರಾನ್ಸಿಸ್ ಬುಕಾನನ್. ಅವರು 1801ರಲ್ಲಿ ಮಲಬಾರಿನಿಂದ ಚಂದ್ರಗಿರಿ ಹೊಳೆ ದಾಟಿ ತುಳುನಾಡಿಗೆ ಬಂದರು. ಅವರ ಪ್ರವಾಸದ ಬರಹ ಅಚ್ಚಾದದ್ದು 1807ರಲ್ಲಿ.

ಮುರಕಲ್ಲಿನ ವಿಶೇಷ ಇದು: ನೆಲದೊಳಗೆ ತೇವದಲ್ಲಿದ್ದಾಗ ಕೊಡಲಿಗೆ ಬಗ್ಗುವಷ್ಟು ಮೃದು, ಕಡಿದು ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುತ್ತ ಹೋಗುತ್ತದೆ. ಬೇರೆ ಕಲ್ಲಿಗೆ ಉಳಿ, ಸುತ್ತಿಗೆ, ನುರಿತ ಶಿಲ್ಪಿ ಬೇಕು. ಇದನ್ನು ಮಣ್ಣು ಅಗೆಯುವ ಕೈಗಳೇ ಚೌಕವಾಗಿ ಕಡಿದು ತೆಗೆಯಬಲ್ಲವು. ಆದ್ದರಿಂದಲೇ ಇಕ್ಕೇರಿಯ ನಾಯಕರು 17ನೇ ಶತಮಾನದಲ್ಲಿ ಕಟ್ಟಿಸಿದ ಬೇಕಲ ಕೋಟೆಗೂ ಬಾವಿಯ ಪಕ್ಕದ ಬಚ್ಚಲಿನ ಗೋಡೆಗೂ ಒಂದೇ ಕಲ್ಲು.

ಗಾರೆ ಉದುರಿದ ಗೋಡೆ ಸಿಕ್ಕರೆ ಹತ್ತಿರ ಹೋಗಿ ನೋಡಿ. ಕೈಯಿಂದ ಕಡಿದ ಕಲ್ಲಿನ ಮುಖದ ಮೇಲೆ ಓರೆಯಾಗಿ, ಒಂದರ ಪಕ್ಕ ಒಂದು, ಕೊಡಲಿಯ ಏಟಿನ ಗೆರೆಗಳಿರುತ್ತವೆ. ಗೆರೆಗಳ ಓರೆ ಕಲ್ಲಿನಿಂದ ಕಲ್ಲಿಗೆ ಬದಲಾಗುತ್ತದೆ. ಯಂತ್ರದಿಂದ ಕೊರೆದ ಕಲ್ಲಿನ ಮುಖ ಸಪಾಟು, ಅದರ ಮೇಲೆ ಗರಗಸದ ಚಕ್ರ ಎಳೆದ ಕಮಾನಿನಂಥ ಸಮಗೆರೆಗಳು. ಒಂದೇ ಮನೆಯ ಹಳೆಯ ಭಾಗಕ್ಕೂ ಆಮೇಲೆ ಸೇರಿಸಿದ ಕೋಣೆಗೂ ಗಡಿ ಎಲ್ಲಿದೆಯೆಂದು ಇದರಿಂದಲೇ ಗುರುತಿಸಬಹುದು. ನನಗೆ ಈ ಕೊಡಲಿಯ ಗೆರೆಗಳಷ್ಟು ಪ್ರಿಯವಾದದ್ದು ಇಡೀ ಪೇಟೆಯಲ್ಲಿ ಬೇರೊಂದಿಲ್ಲ. ಕೋರೆಯಲ್ಲಿ ದುಡಿದವರ ಹೆಸರು ಯಾವ ಫಲಕದಲ್ಲೂ ಇಲ್ಲ, ಅವರ ಕೈ ಬೀಸಿದ ದಿಕ್ಕು ಮಾತ್ರ ಗೋಡೆಯಲ್ಲಿದೆ.

ಕಲ್ಲುಗಳ ನಡುವಿನ ಸಂದಿಯನ್ನೂ ಬಿಡಬೇಡಿ. ಬರೀ ಕೆಂಪು ಮಣ್ಣಿನ ಕೆಸರಿನಿಂದ ಕಟ್ಟಿದ ಗೋಡೆಗಳಿವೆ. ಅನುಕೂಲವಿದ್ದವರು ಚಿಪ್ಪು ಸುಟ್ಟು ಮಾಡಿದ ಸುಣ್ಣ ಮತ್ತು ಮರಳಿನ ಗಾರೆ ಬಳಸಿದರು. ಇದು ಮುಟ್ಟಿದರೆ ಬಿಳಿಯಾಗಿ ಪುಡಿ ಹತ್ತುತ್ತದೆ, ಒಮ್ಮೊಮ್ಮೆ ಅರೆಬೆಂದ ಚಿಪ್ಪಿನ ಚೂರೂ ಕಾಣುತ್ತದೆ. ಸಿಮೆಂಟಿನದಾದರೆ ಬೂದು ಬಣ್ಣ, ಗಟ್ಟಿ.

ಹಳೆಯ ಗೋಡೆಗೆ ಸಿಮೆಂಟಿನ ಗಾರೆ ಹಚ್ಚಿದ ಮನೆಗಳಲ್ಲಿ ಬುಡದ ಭಾಗ ಪದೇ ಪದೇ ಉಬ್ಬಿ ಉದುರುವುದನ್ನು ನೀವು ಕಂಡಿರಬಹುದು. ಕಾರಣ ಸರಳ. ಮುರಕಲ್ಲು ನೆಲದ ತೇವವನ್ನು ಮೇಲಕ್ಕೆ ಹೀರಿಕೊಳ್ಳುತ್ತದೆ. ಸುಣ್ಣದ ಗಾರೆಯ ಮೂಲಕ ಆ ತೇವ ನಿಧಾನವಾಗಿ ಆವಿಯಾಗಿ ಹೊರಹೋಗುತ್ತದೆ. ಸಿಮೆಂಟ್ ಆ ದಾರಿಯನ್ನು ಮುಚ್ಚುತ್ತದೆ, ಒಳಗೆ ಸಿಕ್ಕಿಬಿದ್ದ ನೀರು ಮತ್ತು ಉಪ್ಪು ಗಾರೆಯನ್ನೇ ತಳ್ಳಿ ಕೆಡವುತ್ತವೆ. ಹಳೆಯ ಮನೆ ದುರಸ್ತಿ ಮಾಡಿಸುವವರು ಮೇಸ್ತ್ರಿಯ ಜೊತೆ ಮೊದಲು ಮಾತಾಡಬೇಕಾದ ವಿಷಯ ಇದೇ. ಗೋಡೆಯ ಬುಡದಲ್ಲಿ ಕಪ್ಪು ಅಥವಾ ಕಾವಿ ಬಣ್ಣದ ಪಟ್ಟಿ ಬಳಿಯುವುದು ಬೇರೆ ಕಾರಣಕ್ಕೆ: ಸೂರಿನ ನೀರು ಅಂಗಳಕ್ಕೆ ಬಿದ್ದು ಸಿಡಿಯುವ ಕೆಂಪು ಕೆಸರು ಆ ಪಟ್ಟಿಯ ಮೇಲೆ ಎದ್ದು ಕಾಣುವುದಿಲ್ಲ.

ಕಿಟಕಿ ಮತ್ತು ಬಾಗಿಲಿನ ಮೇಲ್ಭಾಗ

ಮುರಕಲ್ಲನ್ನು ಒತ್ತಿದರೆ ತಡೆಯುತ್ತದೆ, ಬಗ್ಗಿಸಿದರೆ ಮುರಿಯುತ್ತದೆ. ಹಾಗಾಗಿ ಬಾಗಿಲಿನ ಮೇಲೆ ಉದ್ದ ಕಲ್ಲೊಂದನ್ನು ಅಡ್ಡ ಇಟ್ಟು ಅದರ ಮೇಲೆ ಗೋಡೆ ಕಟ್ಟುವಂತಿಲ್ಲ. ಒಂದೋ ದಪ್ಪ ಮರದ ಅಡ್ಡೆ ಇಡಬೇಕು, ಇಲ್ಲವೇ ಕಮಾನು ಕಟ್ಟಬೇಕು. ಕಮಾನಿನಲ್ಲಿ ಪ್ರತಿ ಕಲ್ಲು ಪಕ್ಕದ ಕಲ್ಲನ್ನು ಒತ್ತುತ್ತ ಭಾರವನ್ನು ಎರಡೂ ಬದಿಯ ಗೋಡೆಗೆ ದಾಟಿಸುತ್ತದೆ. ಚೌಕ ಕಿಟಕಿಯ ಮೇಲಿನ ಗಾರೆಯಲ್ಲಿ ಬಿಲ್ಲಿನಾಕಾರದ ಬಿರುಕು ಕಂಡರೆ ಒಳಗೆ ಕಮಾನೊಂದು ಅಡಗಿರುವ ಸಾಧ್ಯತೆಯಿದೆ.

ಕಿಟಕಿಗೆ ಎರಡರ ಬದಲು ನಾಲ್ಕು ಪುಟ್ಟ ಬಾಗಿಲುಗಳಿರುವುದನ್ನು ಎಲ್ಲರೂ ನೋಡಿದ್ದೇವೆ, ಯಾಕೆಂದು ಕೇಳಿದ್ದು ಕಡಿಮೆ. ಬೀದಿಗೆ ಅಂಟಿಕೊಂಡ ಮನೆಯಲ್ಲಿ ಕೆಳಗಿನ ಜೋಡಿಯನ್ನು ಮುಚ್ಚಿದರೆ ಒಳಗೆ ಕುಳಿತವರು ಹೊರಗಿನವರಿಗೆ ಕಾಣುವುದಿಲ್ಲ, ಮೇಲಿನ ಜೋಡಿಯಿಂದ ಗಾಳಿ ಬೆಳಕು ಬರುತ್ತದೆ. ಮಳೆ ಬೀಸಿದರೆ ಅದಲು ಬದಲು ಮಾಡಿಕೊಳ್ಳಬಹುದು. ಜಗಲಿಗೆ ಹಾಕಿದ ಮರದ ದಳಿ, ಎಂದರೆ ಸಂದುಬಿಟ್ಟು ಜೋಡಿಸಿದ ಪಟ್ಟಿಗಳ ತಡೆ, ಕೂಡ ಇದೇ ಕೆಲಸ ಮಾಡುತ್ತದೆ: ಒಳಗಿನ ನೆರಳಿನಲ್ಲಿ ಇರುವವರಿಗೆ ಬಿಸಿಲಿನ ಬೀದಿ ಸ್ಪಷ್ಟ, ಬಿಸಿಲಿನಲ್ಲಿ ನಡೆಯುವವರಿಗೆ ಒಳಗೆ ಕತ್ತಲೆ.

ಹಳೆಯ ಅಂಗಡಿಗಳಿಗೆ ಕಬ್ಬಿಣದ ಶಟರ್ ಬರುವ ಮುಂಚೆ ಉದ್ದುದ್ದ ಹಲಗೆಗಳ ಬಾಗಿಲು. ಹೊಸ್ತಿಲಲ್ಲೂ ಮೇಲಿನ ಅಡ್ಡೆಯಲ್ಲೂ ಕೊರೆದ ಕಾಲುವೆಯಲ್ಲಿ ಒಂದೊಂದೇ ಹಲಗೆಯನ್ನು ಜಾರಿಸಿ ನಿಲ್ಲಿಸಿ, ಕೊನೆಗೆ ಅಡ್ಡಕ್ಕೆ ಕಬ್ಬಿಣದ ಪಟ್ಟಿ ಹಾಕಿ ಬೀಗ. ಪ್ರತಿ ಹಲಗೆಗೂ ಅದರದೇ ಜಾಗ ಇರುವುದರಿಂದ ಅಂಕಿಯನ್ನೋ ಕಚ್ಚನ್ನೋ ಕೊರೆದಿರುತ್ತಾರೆ. ಹಲಗೆ ಹೋಗಿ ಶಟರ್ ಬಂದ ಅಂಗಡಿಯಲ್ಲೂ ಹೊಸ್ತಿಲಿನ ಆ ಕಾಲುವೆ ಉಳಿದಿರಬಹುದು, ಕಾಲಡಿಯಲ್ಲಿ ಹುಡುಕಿ.

ಮಧೂರಿಗೂ ತಳಂಗರೆಗೂ ಒಂದೇ ಮಳೆ

ಪೇಟೆಯಿಂದ ಸ್ವಲ್ಪ ದೂರದ ಮಧೂರಿನ ಮದನಂತೇಶ್ವರ ದೇವಸ್ಥಾನದ ಗರ್ಭಗುಡಿಯನ್ನು ಹಿಂದಿನಿಂದ ನೋಡಬೇಕು. ಹಿಂಭಾಗ ಚೌಕವಾಗಿರದೆ ದುಂಡಗೆ ತಿರುಗುತ್ತದೆ. ಇದಕ್ಕೆ ಗಜಪೃಷ್ಠ, ಎಂದರೆ ಆನೆಯ ಬೆನ್ನಿನ ಆಕಾರವೆಂದು ಹೆಸರು. ಮೂರು ಅಂತಸ್ತಿನ ಇಳಿಜಾರು ಮಾಡು, ಮೇಲಿನವಕ್ಕೆ ತಾಮ್ರದ ಹೊದಿಕೆ. ದುಂಡಗಿನ ಕಡೆ ನೇರ ಮರಗಳಿಂದಲೇ ಮಾಡು ಹೊಂದಿಸುವುದು ಆಚಾರಿಗಳ ದೊಡ್ಡ ಸವಾಲು. ಅಲ್ಲಿ ಪಕ್ಕಾಸುಗಳು ಸಮಾನಾಂತರವಾಗಿ ಇಳಿಯುವುದಿಲ್ಲ, ನೆತ್ತಿಯ ಒಂದು ಬಿಂದುವಿನಿಂದ ಹರಡಿಕೊಳ್ಳುತ್ತವೆ. ಹಾಗಾಗಿ ಪ್ರತಿಯೊಂದರ ತುದಿಯನ್ನು ಬೇರೆ ಬೇರೆ ಕೋನದಲ್ಲಿ ಕೊರೆಯಬೇಕಾಗುತ್ತದೆ.

ತಳಂಗರೆಯ ಮಾಲಿಕ್ ದೀನಾರ್ ಮಸೀದಿಯ ಹಳೆಯ ಕಟ್ಟಡದಲ್ಲೂ ಕೇರಳ ಕರಾವಳಿಯ ಇದೇ ಇಳಿಜಾರು ಮಾಡಿನ ಸಂಪ್ರದಾಯವಿದೆ. ಗುಮ್ಮಟ, ಮಿನಾರುಗಳಿಲ್ಲದ, ಮರದ ಚೌಕಟ್ಟಿನ ಮೇಲೆ ಅಂತಸ್ತು ಅಂತಸ್ತಾಗಿ ಮಾಡು ಹೊತ್ತ ಹಳೆಯ ಮಸೀದಿಗಳು ಈ ತೀರದುದ್ದಕ್ಕೂ ಇದ್ದವು, ಕಲ್ಲಿಕೋಟೆಯ ಮಿಶ್ಕಾಲ್ ಮಸೀದಿ ಅವುಗಳಲ್ಲಿ ಹೆಸರಾದದ್ದು. ದೇವರ ಮನೆ ಯಾವ ಧರ್ಮದ್ದೇ ಆಗಲಿ, ಅದರ ಮೇಲೆ ಬೀಳುವ ಮಳೆ ಒಂದೇ. ಸಿಗುತ್ತಿದ್ದ ಮರ ಮತ್ತು ಕಲ್ಲು ಕೂಡ ಒಂದೇ.

ಗೋಡೆಯ ಮೇಲೆ ಬರೆದ ವರ್ಷ

ಕಟ್ಟಡದ ನೆತ್ತಿಯಲ್ಲೋ ದಾರಂದದ, ಎಂದರೆ ಬಾಗಿಲ ಚೌಕಟ್ಟಿನ, ಮೇಲೋ ವರ್ಷ ಬರೆದಿರುವುದುಂಟು. ಕಾಸರಗೋಡಿನಲ್ಲಿ ಅದು ಯಾವ ಲೆಕ್ಕದ ವರ್ಷ ಎಂಬುದೇ ಮೊದಲ ಪ್ರಶ್ನೆ. 1925ರ ಕೊನೆಯಲ್ಲಿ ಮುಗಿದ ಕಟ್ಟಡವೊಂದನ್ನು ಊಹಿಸಿಕೊಳ್ಳಿ. ಅದರ ಮೇಲೆ 1925 ಎಂದಿರಬಹುದು. ಶಾಲಿವಾಹನ ಶಕದಲ್ಲಾದರೆ 1847, ಮಲಯಾಳಿಗಳ ಕೊಲ್ಲವರ್ಷದಲ್ಲಾದರೆ 1101, ಹಿಜರಿಯಲ್ಲಾದರೆ 1344. ಬರೀ ಕ್ರೋಧನ ಸಂವತ್ಸರ ಎಂದು ಬರೆದಿದ್ದರೂ ಅದೇ ವರ್ಷ.

ಶಕವರ್ಷಕ್ಕೆ 78 ಕೂಡಿಸಿದರೆ ಇಸವಿ ಸಿಗುತ್ತದೆ, ಜನವರಿಯಿಂದ ಯುಗಾದಿಯವರೆಗಿನ ತಿಂಗಳಾದರೆ 79. ಕೊಲ್ಲವರ್ಷಕ್ಕೆ 825 ಕೂಡಿಸಬೇಕು, ಅದರ ಹೊಸ ವರ್ಷದಿಂದ ಡಿಸೆಂಬರ್‌ವರೆಗಿನದಾದರೆ 824. ಹಿಜರಿ ಚಾಂದ್ರಮಾನದ್ದು, ಅದರ ವರ್ಷ ಸುಮಾರು 11 ದಿನ ಚಿಕ್ಕದು. ಆದ್ದರಿಂದ ನೇರ ಕೂಡಿಸುವಂತಿಲ್ಲ, 0.97ರಿಂದ ಗುಣಿಸಿ 622 ಸೇರಿಸಿದರೆ ಹತ್ತಿರದ ಇಸವಿ ಬರುತ್ತದೆ. ಸಂವತ್ಸರದ ಹೆಸರು 60 ವರ್ಷಕ್ಕೊಮ್ಮೆ ಮರಳುವುದರಿಂದ ಕ್ರೋಧನವೆಂದರೆ 1925-26 ಆಗಬಹುದು, 1985-86 ಕೂಡ. ಹಂಚಿನ ಹೆಸರು, ಕಲ್ಲಿನ ಗೆರೆ, ಗಾರೆಯ ಬಣ್ಣ ನೋಡಿ ಎರಡರಲ್ಲಿ ಯಾವುದೆಂದು ನಿರ್ಧರಿಸಬೇಕು.

ಅಕ್ಷರದ ಲಿಪಿಯನ್ನೂ ಗುರುತಿಸಿಕೊಳ್ಳಿ. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರುವವರೆಗೆ ಕಾಸರಗೋಡು ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿತ್ತು. ಹಳೆಯ ಅಂಗಡಿ, ಶಾಲೆ, ಮನೆಗಳ ನೆತ್ತಿಯಲ್ಲಿ ಗಾರೆಯಿಂದ ಉಬ್ಬಿಸಿದ ಕನ್ನಡ ಅಕ್ಷರಗಳು ಸುಣ್ಣದ ಹಲವು ಪದರಗಳ ಕೆಳಗೆ ಇನ್ನೂ ಇರುತ್ತವೆ. ಬಣ್ಣ ಬಳಿಯುವವರಿಗೆ ಅವು ಉಬ್ಬುತಗ್ಗು ಮಾತ್ರ. ನಮಗೆ ಅವು ದಾಖಲೆ.

ತಾರಸಿಯ ಮೇಲೊಂದು ತಗಡಿನ ಮಾಡು

1970ರ ದಶಕದಿಂದ ಕೊಲ್ಲಿ ದೇಶಗಳ ಸಂಪಾದನೆ ಬಂದಂತೆ ಕಾಂಕ್ರೀಟಿನ ಸಪಾಟು ತಾರಸಿಗಳು ಬಂದವು. ಆ ಕಾಲದ ಮನೆಗಳಲ್ಲೂ ನೋಡುವಂಥದ್ದಿದೆ: ಸಿಮೆಂಟಿನ ಅಚ್ಚಿನ ಜಾಲರಿಗಳು, ಸೂರ್ಯ ಉದಯಿಸುವ ಚಿತ್ತಾರದ ಕಬ್ಬಿಣದ ಗ್ರಿಲ್, ಮೊಸಾಯಿಕ್ ನೆಲ. ಈಗ ಅಂಥ ಎಷ್ಟೋ ತಾರಸಿಗಳ ಮೇಲೆ ಕಬ್ಬಿಣದ ಕಂಬ ನೆಟ್ಟು ತಗಡಿನ ಇಳಿಜಾರು ಮಾಡು ಕಟ್ಟಿದ್ದಾರೆ. ಸಪಾಟು ತಾರಸಿಯಲ್ಲಿ ನೀರು ನಿಲ್ಲುತ್ತದೆ. ಬಿಸಿಲಿಗೆ ಹಿಗ್ಗಿ ಮಳೆಗೆ ಕುಗ್ಗುವ ಕಾಂಕ್ರೀಟಿನಲ್ಲಿ ಕೂದಲೆಳೆಯ ಬಿರುಕು ಮೂಡುತ್ತದೆ. ಅದರಲ್ಲಿ ಇಳಿದ ನೀರು ಒಳಗಿನ ಸರಳಿಗೆ ತುಕ್ಕು ಹಿಡಿಸುತ್ತದೆ, ಕಡಲ ಉಪ್ಪುಗಾಳಿ ಅದನ್ನು ಚುರುಕುಗೊಳಿಸುತ್ತದೆ. ತುಕ್ಕು ಹಿಡಿದ ಕಬ್ಬಿಣ ಹಿಗ್ಗಿ ಕಾಂಕ್ರೀಟನ್ನೇ ಒಡೆಯುತ್ತದೆ. ತಗಡಿನ ಮಾಡು ಇದಕ್ಕೆ ಮದ್ದು. ಅದರಡಿಯಲ್ಲಿ ಮಳೆಗಾಲದಲ್ಲೂ ಬಟ್ಟೆ ಒಣಗುತ್ತದೆ, ಅಡಿಕೆ ಹರಡಲು ಜಾಗವಾಗುತ್ತದೆ.

ಕೆಡವುವ ಮನೆ ಸಿಕ್ಕರೆ

ಮನೆಯವರನ್ನು ಕೇಳಿಯೇ ಒಳಗೆ ಹೋಗಿ. ಹಂಚು ಇಳಿಸುವಾಗ ಪ್ರತಿ ಬಗೆಯ ಒಂದೊಂದರ ಒಳಮೈಯ ಚಿತ್ರ ತೆಗೆದುಕೊಳ್ಳಿ, ಅಳತೆಗೆ ಪಕ್ಕದಲ್ಲಿ ಒಂದು ಅಡಿಕೋಲು ಇರಲಿ. ದಾರಂದದ ಕೆತ್ತನೆ, ವರ್ಷ ಬರೆದ ಜಾಗ, ಹಲಗೆ ಬಾಗಿಲಿನ ಅಂಕಿಗಳನ್ನು ಅವು ಮರದ ವ್ಯಾಪಾರಿಯ ಲಾರಿ ಏರುವ ಮೊದಲೇ ದಾಖಲಿಸಬೇಕು, ಏರಿದ ಮೇಲೆ ಯಾವ ಮನೆಯದ್ದೆಂದು ಹೇಳುವವರಿರುವುದಿಲ್ಲ. ಕಲ್ಲಿನ ಮೇಲಿನ ಕೊಡಲಿಯ ಗೆರೆಗಳು ಎದುರಿನಿಂದ ಬೀಳುವ ಬೆಳಕಿನಲ್ಲಿ ಚಿತ್ರಕ್ಕೆ ಸಿಗುವುದಿಲ್ಲ. ಬೆಳಕು ಗೋಡೆಯನ್ನು ಓರೆಯಾಗಿ ಸವರುವ ಹೊತ್ತಿನಲ್ಲಿ ತೆಗೆಯಿರಿ. ಮನೆಯಲ್ಲಿ ಹಿರಿಯರಿದ್ದರೆ ಕಲ್ಲು ಯಾವ ಕೋರೆಯಿಂದ ಬಂತು, ಆಚಾರಿ ಯಾವ ಊರಿನವರು ಎಂದು ಕೇಳಿ ಅಲ್ಲೇ ಬರೆದುಕೊಳ್ಳಿ.